ನಾಳೆಗೆ ಎರಡು ಉಳಿಸು

ಈ ವಾರ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದಿವೆ. ಒಂದು ಎಂಟನೇ ತರಗತಿಯ ಹುಡುಗನದು, ಇನ್ನೊಂದು ಅವನ ಅಜ್ಜಿಯದು.

ಹುಡುಗ ಬರೆದಿದ್ದಾನೆ: "ಮೇಷ್ಟ್ರೇ, ನಮ್ಮ ಮಾವ ಬಿಟ್ಟುಹೋದ ಡಂಬೆಲ್ ಮನೆಯಲ್ಲಿದೆ. ಹತ್ತು ಕೆ.ಜಿ. ನಾನು ಮುಟ್ಟಿದರೆ ಸಾಕು, ಅಜ್ಜಿ ಕಿತ್ತುಕೊಂಡು ಮಂಚದ ಕೆಳಗೆ ತಳ್ಳುತ್ತಾರೆ. ಭಾರ ಎತ್ತಿದರೆ ಕುಳ್ಳನಾಗಿಯೇ ಉಳಿಯುತ್ತೀಯ ಅನ್ನುತ್ತಾರೆ. ಹೌದಾ?"

ಅಜ್ಜಿಯ ಅಕ್ಷರ ಮುತ್ತಿನಂತಿದೆ. "ನನಗೆ 68. ಒಂದು ಕೊಡ ನೀರು ಎತ್ತಲು ಹೋದರೆ ಮಗನೂ ಸೊಸೆಯೂ ಓಡಿಬರುತ್ತಾರೆ. ಪ್ರೀತಿಯಿಂದಲೇ. ಆದರೆ ಎರಡು ವರ್ಷದಿಂದ ಏನೂ ಎತ್ತದೆ ಕೂತು ಕೂತು, ಈಗ ಕುರ್ಚಿಯಿಂದ ಏಳುವುದಕ್ಕೂ ಕೈ ಊರಬೇಕಾಗಿದೆ. ನಾನು ಭಾರ ಎತ್ತಬಹುದೋ, ಬಾರದೋ?"

ಇಬ್ಬರೂ ಎತ್ತಬಹುದು. ಎತ್ತಲೇಬೇಕು ಎಂದೇ ನನ್ನ ಮಾತು. ಎಷ್ಟು, ಹೇಗೆ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾತ್ರ ತಿಳಿದಿರಬೇಕು. ಮೊಮ್ಮಗನ ಕೈಯಲ್ಲಿ ಆ ಹತ್ತು ಕೆ.ಜಿ. ಡಂಬೆಲ್ ಸದ್ಯಕ್ಕೆ ಬೇಡ. ಆ ವಿಷಯದಲ್ಲಿ ನಾನು ಅಜ್ಜಿಯ ಪಕ್ಷ.

ನಾನು ಹುಡುಗನಾಗಿದ್ದಾಗ ಮೈಸೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಗರಡಿ ಇತ್ತು. ಪೈಲ್ವಾನರ ಗದೆ, ಕುತ್ತಿಗೆಗೆ ಹಾಕಿಕೊಂಡು ಬಸ್ಕಿ ಹೊಡೆಯುವ ದಪ್ಪ ಕಲ್ಲಿನ ಬಳೆ, ಇವನ್ನೆಲ್ಲ ಎತ್ತುವ ಆಸೆಯಿಂದ ನಾವು ನಾಲ್ಕು ಜನ ಸೇರಿಕೊಂಡೆವು. ಮೊದಲ ಕೆಲವು ತಿಂಗಳು ನಮಗೆ ಸಿಕ್ಕಿದ್ದು ಗುದ್ದಲಿ! ಮಟ್ಟಿ ಅಗೆದು ಹದ ಮಾಡಬೇಕು, ಆಮೇಲೆ ಇಷ್ಟು ದಂಡೆ, ಇಷ್ಟು ಬಸ್ಕಿ, ಅಷ್ಟೇ. ಗದೆಯನ್ನು ಮುಟ್ಟಿದರೆ ವಸ್ತಾದರು ಕೆಮ್ಮುತ್ತಿದ್ದರು. ಆ ಕೆಮ್ಮಿನ ಅರ್ಥ ನಮಗೆಲ್ಲ ಗೊತ್ತಿತ್ತು. ಮೂವತ್ತು ಬಸ್ಕಿ ಆಗುವಷ್ಟರಲ್ಲಿ ಕಾಲು ನಡುಗುತ್ತಿದ್ದರೆ, "ಸಾಕು, ನಾಳೆಗೆ ಎರಡು ಉಳಿಸು" ಅನ್ನುತ್ತಿದ್ದರು. ಇನ್ನೂ ಎರಡು ಹೊಡೆಯುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಬೇಕು ಎಂದು ಅದರ ಅರ್ಥ.

ಆ ಮಾತಿನ ಕಾರಣ ತಿಳಿದದ್ದು ನಾನು ವ್ಯಾಯಾಮ ಶಿಕ್ಷಣದ ತರಬೇತಿಗೆ ಹೋದಮೇಲೆ. ಹೊಸಬರಿಗೆ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಬೇಗ ಬೇಗ ಹೆಚ್ಚುತ್ತದೆ. ಅಷ್ಟರಲ್ಲಿ ಸ್ನಾಯು ದಪ್ಪವಾಗಿರುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮೆದುಳು ಕಲಿತಿರುತ್ತದೆ. ಸ್ನಾಯು ಬೆಳೆಯುವುದು ಅದರ ನಂತರ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಗಟ್ಟಿ ಹುರಿಗಳಿವೆಯಲ್ಲ, ಅವು ಬಲಗೊಳ್ಳುವುದು ಇನ್ನೂ ನಿಧಾನ, ತಿಂಗಳುಗಟ್ಟಲೆ. ಹೀಗಾಗಿ ಎರಡನೇ ತಿಂಗಳಲ್ಲಿ ಹುಡುಗನಿಗೆ "ನಾನೀಗ ಭೀಮ" ಅನ್ನಿಸುತ್ತದೆ, ಹುರಿಗಳು ಮಾತ್ರ ಇನ್ನೂ ಹಳೆಯ ಹುಡುಗನವೇ. ಎಷ್ಟೋ ಜನರ ಭುಜ, ಮೊಣಕೈ, ಸೊಂಟ ಕೆಡುವುದು ಆ ಹೊತ್ತಿನಲ್ಲೇ. ಮಟ್ಟಿ ಅಗೆಸುತ್ತಿದ್ದ ವಸ್ತಾದರು ಈ ಹುರಿಗಳಿಗೆ ಕಾಲಾವಕಾಶ ಕೊಡುತ್ತಿದ್ದರು.

ಮುಂದೆ ಕೆಲಸದ ಮೇಲೆ ಬಾಗಲಕೋಟೆ ಜಿಲ್ಲೆಯಲ್ಲಿ ಏಳು ವರ್ಷ ಇದ್ದೆ. ಅಲ್ಲಿನ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನೋಡಬೇಕು ಮಕ್ಕಳೇ, ಮೈ ಜುಂ ಅನ್ನುತ್ತದೆ. ನಿಜವಾದ ಜಟ್ಟಿಗಳು ವರ್ಷವಿಡೀ ಸಾಮು ಮಾಡಿ ಬಂದಿರುತ್ತಾರೆ. ಕಲ್ಲನ್ನು ಮೊದಲು ತೊಡೆಗೆ ತಂದು, ಎದೆಗೆ ಒತ್ತಿ, ಮೈಗೆ ಅಂಟಿಸಿಕೊಂಡೇ ಭುಜಕ್ಕೆ ಏರಿಸುತ್ತಾರೆ. ಒಮ್ಮೆ ಗೆಳೆಯರು ಕೆಣಕಿದರೆಂದು ಒಬ್ಬ ತರುಣ ಅಂಗಿ ಕಳಚಿ ಮುಂದೆ ಬಂದ. ಸಾಮು ಮಾಡಿದವನಲ್ಲ. ಕಾಲು ನೆಟ್ಟಗೆ ಇಟ್ಟುಕೊಂಡೇ ಬಗ್ಗಿ, ಕಲ್ಲನ್ನು ಒಂದೇ ಜಗ್ಗಿಗೆ ಎಳೆದ. ಕಲ್ಲು ಮೇಲೇನೋ ಬಂತು. ಅವನು ಮಾತ್ರ ಅಲ್ಲೇ ಕುಸಿದು ಕೂತ. ಅವನು ಟ್ರ್ಯಾಕ್ಟರ್ ಓಡಿಸಿ ಮನೆ ನಡೆಸುತ್ತಿದ್ದವನು. ಆ ವರ್ಷದ ಉಳುಮೆಯ ಹಂಗಾಮು ಪೂರ್ತಿ ಮಲಗಿಯೇ ಕಳೆದ. ಕೆಣಕಿದ ಗೆಳೆಯರಲ್ಲಿ ಯಾರೂ ಅವನ ಟ್ರ್ಯಾಕ್ಟರ್ ಓಡಿಸಲು ಬರಲಿಲ್ಲ.

ಒಂದೇ ಕಲ್ಲು ಒಬ್ಬನ ಭುಜ ಏರುತ್ತದೆ, ಇನ್ನೊಬ್ಬನ ಸೊಂಟ ಮುರಿಯುತ್ತದೆ. ಶಕ್ತಿಯ ವ್ಯತ್ಯಾಸ ಇದ್ದೇ ಇದೆ. ಅದರ ಜೊತೆಗೆ ಒಂದು ಲೆಕ್ಕವೂ ಇದೆ. ಅಜ್ಜಂದಿರಿಗೆ ಏತ ನೆನಪಿರುತ್ತದೆ: ಬಾವಿಯ ಪಕ್ಕ ಕಂಬ, ಅದರ ಮೇಲೆ ಉದ್ದನೆಯ ಮರ, ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಅದನ್ನು ತೂಗುವ ಭಾರ. ಮಕ್ಕಳಿಗೆ ಪಾರ್ಕಿನ ಸೀಸಾ ಗೊತ್ತು. ನಡುವಿನ ಕಂಬದಿಂದ ದೂರ ಕೂತ ಪುಟ್ಟ ತಂಗಿ, ಹತ್ತಿರ ಕೂತ ದಪ್ಪ ಅಣ್ಣನನ್ನು ಮೇಲೆತ್ತಬಲ್ಲಳು. ನಮ್ಮ ಸೊಂಟವೂ ಒಂದು ಸೀಸಾ. ಬೆನ್ನುಮೂಳೆಯೇ ನಡುವಿನ ಕಂಬ. ನಾವು ಹಿಡಿದ ಭಾರ ಮುಂದುಗಡೆ, ಅದನ್ನು ತೂಗುವ ಬೆನ್ನಿನ ಸ್ನಾಯು ಹಿಂದುಗಡೆ. ಆ ಸ್ನಾಯು ಪಾಪ, ಕಂಬದಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಕೂತಿದೆ.

ಈಗ 10 ಕೆ.ಜಿ. ಅಕ್ಕಿ ಚೀಲವನ್ನು ಕೈ ಚಾಚಿ, ಸೊಂಟದಿಂದ 40 ಸೆಂ.ಮೀ. ದೂರದಲ್ಲಿ ಹಿಡಿದಿದ್ದೀರಿ ಅನ್ನಿ. 10ನ್ನು 40ರಿಂದ ಗುಣಿಸಿದರೆ 400. ಅದನ್ನು 5ರಿಂದ ಭಾಗಿಸಿ: 80. ಹತ್ತು ಕೆ.ಜಿ. ಚೀಲಕ್ಕಾಗಿ ಬೆನ್ನಿನ ಸ್ನಾಯು 80 ಕೆ.ಜಿ.ಯಷ್ಟು ಎಳೆಯಬೇಕು! ಅಷ್ಟೂ ಒತ್ತಡ ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳ ಮೇಲೆ. ಬಗ್ಗಿದಾಗ ಮುಂದೆ ವಾಲುವ ನಮ್ಮ ಮೈಯ ತೂಕವನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅದೇ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು 20 ಸೆಂ.ಮೀ.ಗೆ ತನ್ನಿ. ಲೆಕ್ಕ ಅರ್ಧಕ್ಕೆ ಇಳಿಯಿತು, 40. ಜಟ್ಟಿ ಕಲ್ಲನ್ನು ಅಪ್ಪಿಕೊಳ್ಳುವುದು ಪ್ರೀತಿಗಲ್ಲ, ಈ ಲೆಕ್ಕಕ್ಕೆ. ಕೊಡವನ್ನು ಸೊಂಟಕ್ಕೆ ಒತ್ತಿ ಹೊರುತ್ತಿದ್ದ ನಮ್ಮ ಹೆಂಗಸರಿಗೂ ಇದು ಗೊತ್ತಿತ್ತು.

ಹಾಗಾಗಿ ಏನನ್ನೇ ಎತ್ತುವ ಮುಂಚೆ ಅದರ ಹತ್ತಿರ ಹೋಗಿ. ಕಾಲು ಅಗಲಿಸಿ, ಮೊಣಕಾಲು ಮಡಿಸಿ, ಬೆನ್ನು ಗೂನಾಗದಂತೆ ಇಳಿಯಿರಿ. ವಸ್ತು ಮೈಗೆ ತಾಗಿದಮೇಲೆ ಕಾಲಿನ ಬಲದಿಂದ ಏಳಿ. ಏಳುವಾಗ ಉಸಿರು ಬಿಡಿ. ಉಸಿರು ಕಟ್ಟಿ ಮುಕ್ಕಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ, ಹಿರಿಯರಿಗೆ ಅದು ಒಳ್ಳೆಯದಲ್ಲ. ತಿರುಗಬೇಕಾದರೆ ಪಾದವನ್ನೇ ತಿರುಗಿಸಿ, ಸೊಂಟವನ್ನು ತಿರುಚಬೇಡಿ. ಸಂತೆಯಿಂದ ಬರುವಾಗ ಒಂದೇ ಕೈಗೆ ದೊಡ್ಡ ಚೀಲ ಬೇಡ, ಎರಡು ಕೈಗೆ ಎರಡು ಸಣ್ಣ ಚೀಲ ಇರಲಿ.

ಇನ್ನು ಕುಳ್ಳಗಾಗುವ ಮಾತು. ಅಜ್ಜಿಯವರೇ, ಇದು ನಮ್ಮ ಕಾಲದ ನಂಬಿಕೆ, ನನ್ನ ತಾಯಿಯೂ ಹೇಳುತ್ತಿದ್ದರು. ತಿಳಿದವರು ಪಕ್ಕದಲ್ಲಿ ನಿಂತು, ಹಗುರ ಭಾರದಿಂದ ಸರಿಯಾದ ಕ್ರಮದಲ್ಲಿ ಮಾಡಿಸಿದರೆ ಮಕ್ಕಳ ಎತ್ತರಕ್ಕೆ ಏನೂ ಆಗುವುದಿಲ್ಲ ಎಂದು ಮಕ್ಕಳ ವೈದ್ಯರೇ ಹೇಳುತ್ತಾರೆ. ಅಪಾಯ ಇರುವುದು ಯಾರೂ ಇಲ್ಲದಾಗ ಮನೆಯಲ್ಲಿ ಭಾರ ಎತ್ತಲು ಹೋಗಿ ಕಾಲಿನ ಮೇಲೆ, ಬೆರಳಿನ ಮೇಲೆ ಬೀಳಿಸಿಕೊಳ್ಳುವುದರಲ್ಲಿ. ಎಷ್ಟು ಗರಿಷ್ಠ ಎತ್ತಬಲ್ಲೆ ಎಂದು ಪರೀಕ್ಷೆ ಮಾಡುವುದೂ ಮೂಳೆ ಬೆಳೆಯುವ ವಯಸ್ಸಿನಲ್ಲಿ ಬೇಡ. ಹುಡುಗನಿಗೆ ದಂಡೆ, ಬಸ್ಕಿ, ಮರ ಹತ್ತುವುದು, ಜೋತಾಡುವುದು ಬೇಕಾದಷ್ಟು ಇವೆ. ಅವನ ಮೈಭಾರವೇ ಅವನ ಡಂಬೆಲ್.

ಅಂದಹಾಗೆ, ಅವನ ಬೆನ್ನಿನ ಮೇಲೆ ದಿನವೂ ಕೂರುವ ಭಾರವನ್ನು ಯಾರಾದರೂ ತೂಗಿದ್ದಾರೆಯೇ? ಕರ್ನಾಟಕ ಸರ್ಕಾರ 2019ರಲ್ಲೇ ಶಾಲಾ ಚೀಲಕ್ಕೆ ಮಿತಿ ಹಾಕಿದೆ: ಒಂದು, ಎರಡನೇ ತರಗತಿಗೆ ಹೆಚ್ಚೆಂದರೆ 2 ಕೆ.ಜಿ., ಮೂರರಿಂದ ಐದಕ್ಕೆ 3, ಆರರಿಂದ ಎಂಟಕ್ಕೆ 4, ಒಂಬತ್ತು ಹತ್ತಕ್ಕೆ 5. ಡಂಬೆಲ್ ಕಿತ್ತುಕೊಂಡ ಅಜ್ಜಿ ಒಮ್ಮೆ ಆ ಚೀಲವನ್ನೂ ಎತ್ತಿ ನೋಡಲಿ. ಎರಡೂ ಪಟ್ಟಿ ಎರಡೂ ಹೆಗಲಿಗಿರಲಿ.

ಭಾರ ಏರಿಸುವ ಕ್ರಮಕ್ಕೆ ಹಳೆಯ ಕಥೆಯೊಂದಿದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ, ಈಗಿನ ಇಟಲಿಯ ದಕ್ಷಿಣ ತುದಿಯಲ್ಲಿದ್ದ ಕ್ರೋಟನ್ ಎಂಬ ಗ್ರೀಕರ ಊರಿನಲ್ಲಿ ಮೈಲೋ ಎಂಬ ಜಟ್ಟಿ ಇದ್ದ. ಒಲಿಂಪಿಕ್ಸ್ ಕುಸ್ತಿಯಲ್ಲಿ ಆರು ಸಲ ಗೆದ್ದವನು. ಅವನು ಎಳೆಗರುವೊಂದನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ದಿನಕ್ಕಿಷ್ಟು ಬೆಳೆಯಿತು, ಮೈಲೋನ ಬಲವೂ ಬೆಳೆಯಿತು, ಕೊನೆಗೆ ಅದು ಹೋರಿಯಾದಾಗಲೂ ಹೊತ್ತನಂತೆ. ಹೋರಿಯ ಮಾತು ನನಗೆ ಅಷ್ಟಾಗಿ ನಂಬಿಕೆಯಿಲ್ಲ, ಯಾಕೆಂದರೆ ಮನುಷ್ಯನ ಬಲ ಕರುವಿನ ಹಾಗೆ ದಿನವೂ ಏರುವುದಿಲ್ಲ. ಸ್ವಲ್ಪ ಏರಿ, ನಿಂತು, ಕೆಲವು ವಾರ ಇಳಿದು, ಮತ್ತೆ ಏರುತ್ತದೆ. ಕಥೆಯ ಮೊದಲರ್ಧ ಮಾತ್ರ ಅಪ್ಪಟ ಸತ್ಯ. ಅವನ ಸಾವಿನ ಕಥೆಯೂ ಇದೆ. ಮುಪ್ಪಿನಲ್ಲಿ ಕಾಡಿನ ದಾರಿಯಲ್ಲಿ ಬೆಣೆ ಬಡಿದು ಅರ್ಧ ಸೀಳಿದ್ದ ಮರ ಕಂಡು, ಕೈಯಿಂದಲೇ ಸೀಳುತ್ತೇನೆಂದು ಹೋದನಂತೆ. ಬೆಣೆ ಜಾರಿ ಕೈ ಸಿಕ್ಕಿಕೊಂಡಿತು. ರಾತ್ರಿ ತೋಳಗಳು ಬಂದವು.

ಕಥೆ ಬೇಡ ಅನ್ನುವವರಿಗೆ ನಮ್ಮ ಕಾಲದ ಮೀರಾಬಾಯಿ ಚಾನು ಇದ್ದಾರೆ. ಮಣಿಪುರದ ಹಳ್ಳಿಯ ಹುಡುಗಿ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನ ವಿಫಲವಾಗಿ, ಒಟ್ಟು ಅಂಕವೇ ಇಲ್ಲದೆ ಬಂದರು. ಮರುವರ್ಷ ವಿಶ್ವ ಚಾಂಪಿಯನ್. 2018ರಲ್ಲಿ ಸೊಂಟ ಕೈಕೊಟ್ಟಿತು, ಆ ವರ್ಷದ ಏಷ್ಯನ್ ಕ್ರೀಡಾಕೂಟಕ್ಕೆ ಹೋಗಲೇ ಇಲ್ಲ. ನೋವು ನುಂಗಿಕೊಂಡು ಹೋಗಿದ್ದರೆ ಪದಕ ಬರುತ್ತಿತ್ತೇನೋ. ಮುಂದಿನದು ಬರುತ್ತಿತ್ತೋ ಇಲ್ಲವೋ. 2020ರಲ್ಲಿ ಅಮೆರಿಕಕ್ಕೆ ಹೋಗಿ ತಜ್ಞರೊಬ್ಬರ ಬಳಿ, ಮೈಯ ಎರಡು ಪಕ್ಕಗಳ ಬಲ ಸಮನಾಗುವಂತೆ ಸಣ್ಣ ಸಣ್ಣ ವ್ಯಾಯಾಮ ಮಾಡಿದರು. ವಿಶ್ವ ಚಾಂಪಿಯನ್ ಆದವರು ಮತ್ತೆ ಅ ಆ ಇ ಈ ಕಲಿತ ಹಾಗೆ. 2021ರ ಏಪ್ರಿಲ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕೆ.ಜಿ. ಎತ್ತಿ ವಿಶ್ವದಾಖಲೆ, ಜುಲೈನಲ್ಲಿ ಟೋಕಿಯೋದಲ್ಲಿ ಒಟ್ಟು 202 ಕೆ.ಜಿ.ಗೆ ಬೆಳ್ಳಿ. ಅವರು ಸ್ಪರ್ಧಿಸಿದ್ದು 49 ಕೆ.ಜಿ. ವಿಭಾಗದಲ್ಲಿ, ಅಂದರೆ ಎರಡು ಅಕ್ಕಿ ಮೂಟೆಯಷ್ಟೂ ಭಾರವಿಲ್ಲದ ಹೆಣ್ಣುಮಗಳು. ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಮಕ್ಕಳಿಗೆ ಗೊತ್ತಿರಲಿ.

ಅಜ್ಜಿಯವರೇ, ಈಗ ನಿಮ್ಮ ಸರದಿ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಒಂದು ಪ್ರಯೋಗದ ವರದಿ ಬಂತು. ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ಹತ್ತು ಜನ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು, ನಿಗಾ ಇಟ್ಟುಕೊಂಡೇ. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! ನಿಮಗೆ ಇನ್ನೂ 68. ನಿಲ್ಲಿಸಿದರೆ ಬಲ ಇಳಿಯುತ್ತದೆ ಅನ್ನುವುದೂ ಅಲ್ಲೇ ಕಂಡಿತು. ಹಾಗಾಗಿ ಹುಮ್ಮಸ್ಸಿನಲ್ಲಿ ಒಂದು ತಿಂಗಳು ಮಾಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ವರ್ಷವಿಡೀ ಮಾಡುವುದೇ ಮೇಲು.

ಮೊದಲು ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ, ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಮೂಳೆ ಸವೆತ ಇದ್ದವರು ಕೇಳದೆ ಶುರು ಮಾಡಬಾರದು. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು. ಮೊದಲ ದಿನ ಐದು ಸಾಕು, ಆಗದಿದ್ದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಗೋಡೆಗೆ ಅಂಗೈ ಒತ್ತಿ ನಿಂತೇ ದಂಡೆ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆ.ಜಿ., ಅಂಥವು ಎರಡು ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು. ವಾರಕ್ಕೆ ಎರಡು ದಿನ, ನಡುವೆ ಬಿಡುವು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರಕ್ಕೆ ಕನಿಷ್ಠ ಎರಡು ದಿನದ ಬಲದ ವ್ಯಾಯಾಮವನ್ನೇ, ಮಕ್ಕಳಿಗೆ ಮೂರು. ಹನ್ನೆರಡು ಸಲ ಸಲೀಸಾಗಿ ಆಗತೊಡಗಿದಮೇಲೆ ಮಾತ್ರ ದಿಂಬು ತೆಗೆಯಿರಿ, ಬಾಟಲಿ ದೊಡ್ಡದು ಮಾಡಿ. ಎರಡನ್ನೂ ಒಂದೇ ದಿನ ಮಾಡಬೇಡಿ.

ಮರುದಿನ ತೊಡೆ ಹಿಡಿದಂತಾದರೆ ಹೆದರಬೇಕಿಲ್ಲ, ಕೆಲವು ದಿನಗಳಲ್ಲಿ ಹೋಗುತ್ತದೆ. ಚುಚ್ಚುವ ನೋವು, ಕೀಲಿನ ಒಳಗಿನ ನೋವು, ಸೊಂಟದಿಂದ ಕಾಲಿಗೆ ಇಳಿಯುವ ಜೋಮು ಬೇರೆ ಜಾತಿಯವು. ಅವು ಬಂದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ, ಎಣ್ಣೆ ಹಚ್ಚಿಕೊಂಡು ಮುಂದುವರಿಸಬೇಡಿ. ಮಗ, ಸೊಸೆ ಇಬ್ಬರಿಗೂ ಈ ಪುಟ ಓದಲು ಕೊಡಿ. ಹುಡುಗ ಅಜ್ಜಿಯ ಎಣಿಕೆಯನ್ನು ಕ್ಯಾಲೆಂಡರಿನಲ್ಲಿ ಬರೆಯಲಿ, ಅಜ್ಜಿ ಹುಡುಗನ ಬಸ್ಕಿ ಎಣಿಸಲಿ. ಕೆಮ್ಮುವ ಅಧಿಕಾರ ಇಬ್ಬರಿಗೂ ಇದೆ.

ಈ ವಾರದ ಲೆಕ್ಕ: ಅಡುಗೆ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಹುಡುಕಿ. ಎರಡನ್ನೂ ಕೂಡಿಸಿ, ಅದನ್ನು ಸೊಂಟದಿಂದ 50 ಸೆಂ.ಮೀ. ದೂರದಲ್ಲಿ ಹಿಡಿದರೆ ಬೆನ್ನಿನ ಸ್ನಾಯು ಎಷ್ಟು ಎಳೆಯಬೇಕು, 20 ಸೆಂ.ಮೀ.ಗೆ ತಂದರೆ ಎಷ್ಟು ಎಂದು ಬರೆದು ಕಳಿಸಿ. ಅಜ್ಜ ಅಜ್ಜಿಯರ ಸಹಾಯ ಪಡೆಯಬಹುದು. ಸಿಲಿಂಡರ್ ಎತ್ತಬೇಕಾಗಿಲ್ಲ, ಓದಿದರೆ ಸಾಕು. ಓದಲು ಬಗ್ಗುವಾಗಲೂ ಮೊಣಕಾಲು ಮಡಿಸಿ.