ಕಾರ್ಡ್‌ಲೆಸ್ ಬಂತಂತ ಹಳೇ ಫೋನು ಅಟ್ಟಕ್ಕ ಒಗಿಬ್ಯಾಡ್ರಿ

ನಮ್ಮ ಕಡೆ ಮನಿಗೆ ಕಾರ್ಡ್‌ಲೆಸ್ ಫೋನು ತಂದ ದಿನ ಮೊದಲು ಮಾಡೋ ಕೆಲಸ ಏನು ಹೇಳ್ರಿ? ಹಳೇ ವೈರಿನ ಫೋನು ಕಿತ್ತು ಅಟ್ಟಕ್ಕ ಒಗಿಯೋದು. ಕೊಟ್ಟೂರಾಗ ನೋಡೀನಿ, ಹಡಗಲ್ಯಾಗ ನೋಡೀನಿ, ಹರಪನಹಳ್ಳಿ ದೊಡ್ಡವ್ವನ ಮನ್ಯಾಗೂ ನೋಡೀನಿ. ಆಮ್ಯಾಲೆ ಬೆಂಗಳೂರಿಂದ ಬಂದ ಮಗ ಹೊಸಾ ಸೆಟ್ಟಿನ ರಿಂಗಿನ ರಾಗ ಒಂದೊಂದೇ ಕೇಳಸ್ತಾನ, ಎಲ್ಲರೂ ನಗತಾರ, ರವಿವಾರ ರಾತ್ರಿ ಬಸ್ಸಿಗೆ ಅಂವ ಹೋಗ್ತಾನ. ಫೋನು ಅವ್ವನ ಹತ್ರ ಉಳೀತತಿ. ಹಿಂಗ ಮಾಡಬಾರದು ಅನ್ನೋದು ನನ್ನ ಮಾತು. ಮನ್ಯಾಗ ಒಬ್ರೇ ಉಳಿಯೋರು ಯಾರೋ, ಅವರ ಕೈಗೆ, ಅವರ ಕಣ್ಣಿಗೆ, ಅವರ ಕಷ್ಟಕ್ಕ ಒದಗೋ ಹಂಗ ಅದರ ಒಂದೊಂದು ಬಟನ್ನು ಹೊಂದಿಸಬೇಕು.

ಈಗೆಲ್ಲ ಮೊಬೈಲು, ಮನಿ ಫೋನು ಯಾರಿಗೆ ಬೇಕು ಅಂತೀರಿ. ನಮ್ಮವ್ವಗ ಬೇಕು. ಎಪ್ಪತ್ತಾರು ವರ್ಷ, ಹಡಗಲ್ಯಾಗ ಒಬ್ಬಾಕಿನೇ ಅದಾಳ. ಒಬ್ಬ ಮಗ ಬೆಂಗಳೂರು, ಒಬ್ಬ ಪುಣೆ, ನಾನು ಕೊಟ್ಟೂರು. ಟಚ್ ಮೊಬೈಲು ಅಕಿ ಬೆರಳಿನ ಮಾತು ಕೇಳಂಗಿಲ್ಲ, ಒಣಗಿದ ಬೆರಳಿಲೆ ಮೂರು ಸರ್ತಿ ತೀಡಿದ್ರೂ ಫೋನು ಎತ್ತಂಗಿಲ್ಲ. ಅದೂ ಅಲ್ದ ಹಳೇ ಮಾಳಿಗಿ ಮನಿ. ಕಲ್ಲು ಮಣ್ಣಿನ ದಪ್ಪ ಗ್ವಾಡಿ, ಒಳಗಿನ ಕ್ವಾಣ್ಯಾಗ ಸಿಗ್ನಲ್ಲೇ ಬರಂಗಿಲ್ಲ.

ಹಳೇ ಫೋನನ್ನ ಯಾಕ ಇಟ್ಕೋಬೇಕು ಅಂದ್ರ, ಅದಕ್ಕ ನಿಮ್ಮ ಮನಿ ಕರೆಂಟು ಬೇಕಾಗಿಲ್ಲ. ತಾಮ್ರದ ಎರಡೆಳಿ ವೈರಿನ ಮ್ಯಾಲೆ ಎಕ್ಸ್‌ಚೇಂಜಿಂದನ 48 ವೋಲ್ಟು ಬರ್ತತಿ, ಅಲ್ಲಿ ಸಾಲು ಬ್ಯಾಟರಿ ಇರ್ತಾವು. ಅವು ನಡದಷ್ಟು ಹೊತ್ತು, ಓಣಿಗೆ ಓಣಿ ಕತ್ತಲಾದ್ರೂ ಫೋನು ಎತ್ತಿದ್ರ ಗುಂಯ್ ಅಂತತಿ. ಕಾರ್ಡ್‌ಲೆಸ್ ಹಂಗಲ್ಲ. ಕೈಯಾಗಿನ ಹ್ಯಾಂಡ್‌ಸೆಟ್ಟಿಗೆ ಬ್ಯಾಟರಿ ಐತಿ ಖರೆ, ಆದ್ರ ಅದು ಮಾತಾಡೋದು ಬೇಸಿನ ಜೋಡಿ. ಬೇಸು ನಡಿಯೋದು ಗ್ವಾಡಿ ಪ್ಲಗ್ಗಿನ ಅಡಾಪ್ಟರಿನ ಮ್ಯಾಲೆ. ಕರೆಂಟು ಹೋತಂದ್ರ ಬೇಸು ಸತ್ತಂಗ, ಕೈಯಾಗಿನದು ಬರೇ ಬೆಳಕು ಕೊಡೋ ಆಟಿಗಿ ಸಾಮಾನು. ನಮ್ಮ ಐದು ತಾಲೂಕಿನಾಗ ಬ್ಯಾಸಿಗಿ ಗಾಳಿ ಗುಡುಗಿನ ರಾತ್ರಿ ಕರೆಂಟು ಹೋಗೋದು ಯಾರಿಗೆ ಗೊತ್ತಿಲ್ಲ? ಮುದುಕರು ಕತ್ತಲಾಗ ಹೊಸ್ತಿಲ ಎಡವೋದೂ ಅಂಥಾ ರಾತ್ರಿನ. ಅದಕ್ಕ ತಾಮ್ರದ ಲೈನು ಇನ್ನೂ ಇದ್ರ, ಎರಡು ತೂತಿನ ಸಾಕೆಟ್ಟು ಒಂದು ತಂದು ಹಾಕ್ರಿ. ಒಂದಕ್ಕ ಬೇಸು, ಒಂದಕ್ಕ ಹಳೇ ಫೋನು. ಖರ್ಚು ಅಂಬೋದು ಇಲ್ಲವೇ ಇಲ್ಲ ಅನ್ನಬಹುದು.

ಫೈಬರ್ ಬಂದ ಮನಿ ಕತಿ ಬ್ಯಾರೆ. ಗಾಜಿನ ಎಳಿ ಬೆಳಕು ಒಯ್ತತಿ, ಕರೆಂಟು ಒಯ್ಯಂಗಿಲ್ಲ. ಗ್ವಾಡಿಗೆ ಹೊಡದ ಫೈಬರ್ ಡಬ್ಬಿ ಆರಿದ್ರ ವೈರಿನ ಫೋನೂ ಇಲ್ಲ, ಕಾರ್ಡ್‌ಲೆಸ್ಸೂ ಇಲ್ಲ. ಇನ್ವರ್ಟರು ಐತೆಲ್ಲ ಅಂತ ನಂಬಿ ಕುಂದ್ರಬ್ಯಾಡ್ರಿ. ಇನ್ವರ್ಟರಿನ ಲೈನು ಫ್ಯಾನಿಗೆ, ಟಿವಿಗೆ ಎಳದಿರ್ತಾರ, ಫೋನಿನ ಪ್ಲಗ್ಗಿಗೆ ಯಾರೂ ಎಳದಿರಂಗಿಲ್ಲ. ಹಗಲೊತ್ತಿನಾಗ ಮೇನ್ ಸ್ವಿಚ್ಚು ತಗದು, ಮನಿ ಫೋನಿಂದ ನಿಮ್ಮ ಮೊಬೈಲಿಗೆ ಒಂದು ಕಾಲ್ ಮಾಡಿ ನೋಡ್ರಿ. ಹೋತು ಅಂದ್ರ ಸರಿ. ಹೋಗಲಿಲ್ಲಂದ್ರ ಎಲೆಕ್ಟ್ರಿಷಿಯನ್ನನ್ನ ಕರೀರಿ, ಡಬ್ಬಿಗೂ ಬೇಸಿಗೂ ಇನ್ವರ್ಟರ್ ಲೈನು ಕೊಡಸ್ರಿ. ಇದನ್ನ ಮಾಡಿದ ಮ್ಯಾಲೆನ ರಿಂಗಿನ ರಾಗ ಆರಿಸೋದು.

ಹಂಗಾರ ಕಾರ್ಡ್‌ಲೆಸ್ ಯಾಕ ಬೇಕು? ಓಡೋದು ತಪ್ಪಸಾಕ. ಪಡಸಾಲ್ಯಾಗ ಫೋನು ಬಾರಿಸಿದ್ರ ಅವ್ವ ಹಿತ್ತಲದಿಂದ ಹಸಿ ಕಾಲಾಗ ಓಡಿ ಬರ್ತಿದ್ಲು. ಬಚ್ಚಲ ಕಲ್ಲು, ಅದರ ಮುಂದ ಹೊಸ್ತಿಲ, ಮೊಣಕಾಲು ಬ್ಯಾನಿ. ಬಂದು ಎತ್ತಗೊಡದ ಕಟ್ ಆಗೋದು. ಆದ್ರ ಹ್ಯಾಂಡ್‌ಸೆಟ್ಟನ್ನ ಮತ್ತ ಪಡಸಾಲಿ ಬೇಸಿನ ಮ್ಯಾಲೇ ಇಡಬೇಕು ಅಂದ್ರ ಓಡೋದು ತಪ್ಪಿದ್ದೆಲ್ಲಿ? ಎರಡು ಹ್ಯಾಂಡ್‌ಸೆಟ್ಟಿನ ಜೋಡಿ ತಗೋಳ್ರಿ, ಎರಡನೇದಕ್ಕ ಬರೇ ಚಾರ್ಜಿನ ತೊಟ್ಟಿಲು ಇರ್ತತಿ, ಅದಕ್ಕ ಫೋನಿನ ಲೈನು ಬೇಕಿಲ್ಲ. ಅದನ್ನ ಅವ್ವ ಮಲಗೋ ಮಂಚದ ಮಗ್ಗಲ ಇಡ್ರಿ. ಬ್ಯಾರೆ ತಂದಿದ್ರ ಬೇಸಿನ ಬಟನ್ನು ಸ್ವಲ್ಪ ಹೊತ್ತು ಒತ್ತಿ ಹಿಡದು, ಹ್ಯಾಂಡ್‌ಸೆಟ್ಟಿನಾಗ ರಿಜಿಸ್ಟರ್ ಅಂತ ಕೊಟ್ರ ಜೋಡಿ ಆಗ್ತತಿ. ಪಿನ್ ಕೇಳಿದ್ರ ಬಹಳ ಸೆಟ್ಟಿಗೆ 0000. ಡಬ್ಬಿ ಮ್ಯಾಲೆ ಮನಿ ಒಳಗ 50 ಮೀಟರು, ಬಯಲಾಗ 300 ಮೀಟರು ಅಂತ ಬರದಿರ್ತಾರ. ಅದು ನಮ್ಮ ಗ್ವಾಡಿ ಕಾಣದೋರು ಬರದದ್ದು. ಮಾತಾಡಿಕೋತ ಹಿತ್ತಲ ಮಟ ನಡದು ನೋಡ್ರಿ, ದನಿ ಕಡಿದ್ರ ಬೇಸನ್ನ ನಡುಮನಿಗೆ ತರ್ರಿ. ಕಬ್ಬಿಣದ ಬೀರು ಹಿಂದ ಅಂತೂ ಇಡಬ್ಯಾಡ್ರಿ.

ಇನ್ನ ಜಗಳದ ವಿಷಯ. ಒಂದು ಬಟನ್ನು ಒತ್ತಿ ಹಿಡದ್ರ ನಂಬರು ಹೋಗೋ ಸೌಲತ್ತು ಬಹಳ ಸೆಟ್ಟಿನಾಗ ಐತಿ. 1 ಅನ್ನೋದು ಸಾಮಾನ್ಯವಾಗಿ ಕಂಪನಿ ಕೆಲಸಕ್ಕ ಹೋಗಿರ್ತತಿ, ನಮಗ ಸಿಗೋದು 2ರಿಂದ. ಆ 2 ಯಾರಿಗೆ? ಎಲ್ಲಾ ಮನ್ಯಾಗೂ ಹಿರೇ ಮಗಗ. ನಾನು ಮಗ್ಗಲ ಮನಿ ಅಕ್ಕನ ನಂಬರು ಹಾಕಿದೆ. ತಮ್ಮಗ ಸಿಟ್ಟು ಬಂತು.

"ಅಕ್ಕಾ, ನನ್ನ ನಂಬರು ಯಾಕ ಮೂರಕ್ಕ ಹಾಕಿದಿ?"

"ಅವ್ವ ಬಿದ್ಲು ಅಂತ ಫೋನು ಬಂದ್ರ ನೀನು ಯಾವಾಗ ಮುಟ್ಟತೀಯೋ ತಮ್ಮಾ?"

"ರಾತ್ರಿ ಬಸ್ಸು ಹಿಡದ್ರ ಬೆಳಿಗ್ಗಿ."

"ಅಕಿ ಚಪ್ಲಿ ಮೆಟ್ಟದ ಬರ್ತಾಳ."

ಅವ್ವಗೂ ಮೊದಲು ಮನಸಿರಲಿಲ್ಲ. ಮಗನ್ನ ಬಿಟ್ಟು ಮಂದೀನ ಮುಂದಿಟ್ಲು ಅಂತ ಯಾರರ ಅಂದಾರು ಅಂದ್ಲು. ಬಟನ್ನಿನ ಒಳಗ ಯಾರೂ ಹಣಿಕಿ ಹಾಕಂಗಿಲ್ಲ ಬಿಡವ್ವ ಅಂದೆ. ಹೋದ ಶ್ರಾವಣದಾಗ ಶುಗರ್ ಇಳಿದು ತಲಿ ಗಿರ್ರ ಅಂದಾಗ ಅಕಿ 2 ಒತ್ತಿದ್ಲು. ಮಗ್ಗಲ ಮನಿ ಅಕ್ಕ ಸಕ್ರಿ ನೀರು ಹಿಡಕೊಂಡು ಹಿತ್ತಲ ಬಾಗಿಲಿಲೆ ಬಂದ್ಲು. ನನಗ ಸುದ್ದಿ ಮುಟ್ಟೋದ್ರಾಗ ಅವ್ವ ಎದ್ದು ಕುಂತಿದ್ಲು. ನಾನು ಕೊಟ್ಟೂರಿಂದ ಹೊಂಟಿದ್ರ ಎರಡು ತಾಸು ಬೇಕಿತ್ತು. ಅದಕ್ಕ ನಾನು ಹೇಳೋದು, ಪ್ರೀತಿ ಲೆಕ್ಕದಾಗ ನಂಬರು ಹಾಕಬ್ಯಾಡ್ರಿ, ಯಾರು ಮೊದಲು ಬಂದು ಮುಟ್ಟತಾರ ಅನ್ನೋ ಲೆಕ್ಕದಾಗ ಹಾಕ್ರಿ. ಹಾಕೋ ಮುಂಚೆ ಅವರನ್ನ ಕೇಳ್ರಿ. ಇನ್ನೊಂದು, ಒಳಗಿಂದ ಚಿಲಕ ಹಾಕಿದ ಮನಿಗೆ ಅವರು ಹೆಂಗ ಬರಬೇಕು? ಹಿತ್ತಲ ಬಾಗಿಲ ಕೀಲಿ ಒಂದು ಅವರ ಹತ್ರ ಇರಬೇಕು. ಇದು ಫೋನಿನ ಪುಸ್ತಕದಾಗ ಬರದಿರಂಗಿಲ್ಲ.

ನಂಬರು ತುಂಬೋ ಹೊತ್ತಿಗೆ ಸೊನ್ನಿ ಮರೀಬ್ಯಾಡ್ರಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲಿಗೆ ಮಾಡಿದ್ರೂ ಮುಂದ 0 ಬೇಕು. ಅದಕ್ಕೂ ಮೊದಲಿನ ಸೆಟ್ಟಿನಾಗ ತುಂಬಿದ ಹತ್ತಂಕಿ ನಂಬರು ಎಷ್ಟೋ ಮನ್ಯಾಗ ಹಂಗ ಅದಾವು, ಹೋಗಂಗಿಲ್ಲ, ಫೋನು ಕೆಟ್ಟೈತಿ ಅಂತ ಮೂಲ್ಯಾಗ ಇಟ್ಟಾರ. ಊರಿಂದ ಊರಿಗೆ ಮನಿ ಫೋನಿಗೆ ಮಾಡೋದಿದ್ರ ಕೋಡು ಸೇರಸ್ರಿ: ಕೂಡ್ಲಿಗಿಗೆ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಅಂಬುಲೆನ್ಸಿನ 108ಕ್ಕ, 112ಕ್ಕ ಮುಂದ ಸೊನ್ನಿ ಬ್ಯಾಡ.

ನಾನು ನೋಡಿದ ಸೆಟ್ಟಿನಾಗೆಲ್ಲ ಪರದಿ ಮ್ಯಾಲೆ ಹೆಸರು ಇಂಗ್ಲಿಷಿನಾಗ. ಅವ್ವ ಕನ್ನಡ ಪೇಪರು ಕೊನಿ ಪುಟದ ಮಟ ಓದ್ತಾಳ, ಇಂಗ್ಲಿಷು ಬರಂಗಿಲ್ಲ. ಕನ್ನಡ ನಾಡಿನ ಅಂಗಡ್ಯಾಗ ಮಾರೋ ಸಾಮಾನಿಗೆ ಕನ್ನಡ ಅಕ್ಷರ ಹಾಕಾಕ ಏನು ದಾಡಿ ಅಂತ ನನಗ ಇವತ್ತಿಗೂ ತಿಳಿದಿಲ್ಲ. ಹಿಂಗಾಗಿ ಒಂದು ರಟ್ಟಿನ ಮ್ಯಾಲೆ ದಪ್ಪ ಸ್ಕೆಚ್ ಪೆನ್ನಿಲೆ "2 ಮಗ್ಗಲ ಮನಿ, 3 ಸಣ್ಣಾಂವ" ಅಂತ ಬರದು ಮಂಚದ ಮ್ಯಾಲಿನ ಗ್ವಾಡಿಗೆ ಹಚ್ಚೀನಿ. ಕೆಲವು ಸೆಟ್ಟಿನಾಗ ಒಬ್ಬೊಬ್ಬರಿಗೆ ಒಂದೊಂದು ರಿಂಗು ಇಡಬಹುದು, ಅದು ಕಣ್ಣು ಮಂಜಾದೋರಿಗೆ ಬಹಳ ಚಲೋ. ರಿಂಗಿನ ದನಿ ಪೂರಾ ಮ್ಯಾಲೆ. ತಾರೀಖು, ಟೈಮು ಸರಿಯಾಗಿ ಇಡ್ರಿ, ಇಲ್ಲಂದ್ರ ಯಾರು ಯಾವಾಗ ಮಾಡಿದ್ರು ಅನ್ನೋದು ತಿಳಿಯಂಗಿಲ್ಲ.

ಬ್ಯಾಟರಿ ಬಗ್ಗೆ ಒಂದೇ ಮಾತು. ಒಳಗ ಇರೋದು ಚಾರ್ಜ್ ಆಗೋ ಸಣ್ಣ ಸೆಲ್ಲು, ಮೊದಲ ಸಲ ಹದಿನಾರು ತಾಸಿನಷ್ಟು ಚಾರ್ಜಿಗೆ ಇಡ್ರಿ. ಮುಂದ ಯಾವತ್ತೋ ಅದು ಸೋತಾಗ ಗೋಡೆ ಗಡಿಯಾರಕ್ಕ ಹಾಕೋ ಸಾದಾ ಸೆಲ್ಲು ಹಾಕಬ್ಯಾಡ್ರಿ. ತೊಟ್ಟಿಲು ಅದನ್ನೂ ಚಾರ್ಜ್ ಮಾಡಾಕ ಹೋಗ್ತತಿ, ಸೆಲ್ಲು ಸೋರತತಿ, ಒಡಿಯಲೂಬಹುದು. ಅಂಗಡ್ಯಾಂವ ಇದೂ ನಡೀತತಿ ಅಂದ್ರೂ ಒಪ್ಪಬ್ಯಾಡ್ರಿ.

ಅಷ್ಟು ಹೊಗಳಿದ ಹಳೇ ಫೋನಿಗೂ ಒಂದು ಹೊತ್ತು ಐತಿ. ನೆತ್ತಿ ಮ್ಯಾಲೆ ಮಿಂಚು ಹೊಡಿಯೋವಾಗ ವೈರಿನ ಫೋನು ಕಿವಿಗೆ ಹಚ್ಚಬಾರದು. ಕಂಬದ ಮ್ಯಾಲಿನ ತಾಮ್ರದ ಗುಂಟ ಸಿಡಿಲು ಮನಿ ಒಳಗ ಬರ್ತತಿ. ಆ ಅರ್ಧ ತಾಸು ಕಾರ್ಡ್‌ಲೆಸ್ಸೇ ವಾಸಿ, ಕರೆಂಟು ಇದ್ರ.