ಪೈಲಟ್‌ಗಳ ಪಾಳಿ ಪಟ್ಟಿ: ಸಂಬಳಕ್ಕೂ ಮಿಗಿಲಾದ ಚೌಕಾಸಿ

ವಿಮಾನಯಾನ ಸಂಸ್ಥೆಗಳು ಹಾಗೂ ಪೈಲಟ್‌ಗಳ ಸಂಘಗಳ ನಡುವೆ ಮಾತುಕತೆ ನಡೆದಾಗಲೆಲ್ಲ ತಲೆಬರಹಕ್ಕೆ ಏರುವುದು ವೇತನದ ಶೇಕಡಾವಾರು ಲೆಕ್ಕ. 2023ರ ಮಾರ್ಚ್‌ನಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆಯ ಪೈಲಟ್‌ಗಳು ನಾಲ್ಕು ವರ್ಷಗಳಲ್ಲಿ ಶೇ 34ರಷ್ಟು ಹೆಚ್ಚಳ ನೀಡುವ ಒಪ್ಪಂದವನ್ನು ಅಂಗೀಕರಿಸಿದಾಗಲೂ ಆದದ್ದು ಇದೇ. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಮತ್ತು ಯುನೈಟೆಡ್, 2024ರ ಜನವರಿಯಲ್ಲಿ ಸೌತ್‌ವೆಸ್ಟ್ ಸಂಸ್ಥೆಗಳು ಇದೇ ಹಾದಿ ಹಿಡಿದವು.

ಆದರೆ ಅದೇ 2023ರಲ್ಲಿ ಹೊರಬಿದ್ದ ಮತ್ತೊಂದು ಸಂಗತಿ ಅಷ್ಟಾಗಿ ಗಮನ ಸೆಳೆಯಲಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನ ಏಳು ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಕ್ಯಾಪ್ಟನ್ ಹುದ್ದೆಗೆ ಬಡ್ತಿ ಪಡೆಯದೆ ಸಹ ಪೈಲಟ್‌ಗಳಾಗಿಯೇ ಉಳಿಯಲು ಬಯಸಿದ್ದಾರೆಂದು ಅವರ ಸಂಘವೇ ಹೇಳಿತು. ಯುನೈಟೆಡ್ ಸಂಸ್ಥೆಯಲ್ಲೂ ಕ್ಯಾಪ್ಟನ್ ಹುದ್ದೆಗಳು ಗಣನೀಯ ಪ್ರಮಾಣದಲ್ಲಿ ಖಾಲಿ ಉಳಿದಿದ್ದವು. ಹೆಚ್ಚಿನ ಸಂಬಳ, ಭುಜದ ಮೇಲೆ ನಾಲ್ಕನೆಯ ಪಟ್ಟಿ ಎರಡೂ ಕೈಗೆಟುಕುವಂತಿದ್ದರೂ ಬೇಡವೆನ್ನಲು ಕಾರಣವೇನು?

ಕಾರಣ ಸರಳ. ಬಡ್ತಿ ಪಡೆದ ಸಹ ಪೈಲಟ್, ಕ್ಯಾಪ್ಟನ್‌ಗಳ ಹಿರಿತನದ ಪಟ್ಟಿಯಲ್ಲಿ ಕಟ್ಟಕಡೆಗೆ ಹೋಗಿ ನಿಲ್ಲುತ್ತಾನೆ. ಆ ಕ್ಷಣದಿಂದ ವಾರಾಂತ್ಯದ ರಜೆ, ಹಬ್ಬದ ದಿನ, ಮಕ್ಕಳ ಶಾಲಾ ವಾರ್ಷಿಕೋತ್ಸವ ಯಾವುದೂ ಅವನ ಕೈಯಲ್ಲಿರುವುದಿಲ್ಲ. ಫೋನ್ ಕರೆ ಬಂದೊಡನೆ ಹೊರಡಲು ಸಿದ್ಧನಿರಬೇಕಾದ ಮೀಸಲು ಪಾಳಿಯೇ ಅವನ ಪಾಲಿಗೆ ಗಟ್ಟಿ. ಪೈಲಟ್‌ನ ಬದುಕನ್ನು ವೇತನದಷ್ಟೇ ಬಿಗಿಯಾಗಿ ಹಿಡಿದಿರುವುದು ಪಾಳಿ ಹಂಚಿಕೆಯ ಪದ್ಧತಿ. ಆದ್ದರಿಂದಲೇ ಒಪ್ಪಂದದ ಮಾತುಕತೆಯಲ್ಲಿ, ಹೊರಗಿನವರಿಗೆ ಒಣ ತಾಂತ್ರಿಕ ವಿಷಯವಾಗಿ ತೋರುವ 'ಬಿಡ್ಡಿಂಗ್' ಪದ್ಧತಿಯ ಕುರಿತು ಬಿಸಿಬಿಸಿ ಚರ್ಚೆ ನಡೆಯುತ್ತದೆ.

ಎರಡು ಪದ್ಧತಿಗಳು

ಹಳೆಯದು ಲೈನ್ ಬಿಡ್ಡಿಂಗ್. ಇದರಲ್ಲಿ ಸಂಸ್ಥೆಯು ಮುಂದಿನ ತಿಂಗಳ ಹಾರಾಟಗಳನ್ನೆಲ್ಲ ಜೋಡಿಸಿ, ಪ್ರತಿಯೊಂದೂ ಒಬ್ಬ ಪೈಲಟ್‌ನ ಇಡೀ ತಿಂಗಳಿನ ಕೆಲಸವಾಗುವಂತೆ ಸಿದ್ಧ ಪಟ್ಟಿಗಳನ್ನು ಪ್ರಕಟಿಸುತ್ತದೆ. ಈ ಪಟ್ಟಿಗೇ 'ಲೈನ್' ಎಂದು ಹೆಸರು. ಪೈಲಟ್‌ಗಳು ತಮಗೆ ಬೇಕಾದ ಲೈನ್‌ಗಳನ್ನು ಕ್ರಮವಾಗಿ ಸೂಚಿಸುತ್ತಾರೆ. ಅತಿ ಹಿರಿಯನಿಗೆ ಮೊದಲ ಆಯ್ಕೆ, ಉಳಿದುದರಲ್ಲಿ ಮುಂದಿನವನಿಗೆ. ತನಗೆ ಬೇಕಾದ ಲೈನ್ ಯಾರ ಪಾಲಾಯಿತು, ಅವನು ತನಗಿಂತ ಹಿರಿಯನೇ ಎಂಬುದನ್ನು ಯಾರು ಬೇಕಾದರೂ ನೋಡಿ ತಿಳಿಯಬಹುದು.

ಹೊಸದು ಆದ್ಯತಾ ಬಿಡ್ಡಿಂಗ್. ಇದರಲ್ಲಿ ಸಿದ್ಧ ಪಟ್ಟಿಗಳೇ ಇರುವುದಿಲ್ಲ. 'ಶನಿವಾರ, ಭಾನುವಾರ ಬೇಡ', 'ರಾತ್ರಿ ಹಾರಾಟ ಬೇಡ', 'ನಾಲ್ಕು ದಿನದ ಪ್ರವಾಸಗಳೇ ಇರಲಿ' ಎಂಬಂತಹ ಇಚ್ಛೆಗಳನ್ನು ಪ್ರತಿಯೊಬ್ಬ ಪೈಲಟ್ ಗಣಕಯಂತ್ರಕ್ಕೆ ಸಲ್ಲಿಸುತ್ತಾನೆ. ತಂತ್ರಾಂಶವು ಹಿರಿತನದ ಕ್ರಮದಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಪಟ್ಟಿ ಹೆಣೆಯುತ್ತದೆ. ಮೇಲ್ನೋಟಕ್ಕೆ ಇದು ಪೈಲಟ್‌ಗೆ ಹೆಚ್ಚು ಸ್ವಾತಂತ್ರ್ಯ ನೀಡುವ ಪದ್ಧತಿ. ದೂರದ ಊರಿನಿಂದ ವಿಮಾನ ನಿಲ್ದಾಣಕ್ಕೆ ಬರುವವನಿಗೂ ಪಕ್ಕದಲ್ಲೇ ಮನೆಯಿರುವವನಿಗೂ ಬೇಕಾದದ್ದು ಒಂದೇ ಅಲ್ಲವಷ್ಟೇ.

ಆದರೆ ತಂತ್ರಾಂಶಕ್ಕೆ ಇನ್ನೊಂದು ಹೊಣೆಯೂ ಇದೆ. ತಿಂಗಳ ಕೊನೆಗೆ ಯಾವ ವಿಮಾನವೂ ಪೈಲಟ್ ಇಲ್ಲದೆ ಉಳಿಯಬಾರದು. ಏರ್ ಕೆನಡಾ ಸಂಸ್ಥೆಯ ಇಂತಹ ವ್ಯವಸ್ಥೆಯ ಕುರಿತು ಕೆನಡಾದ ಗಣಿತಜ್ಞರು 1998ರಲ್ಲಿ ಪ್ರಕಟಿಸಿದ ಪ್ರಬಂಧವು ಈ ತೊಡಕನ್ನು ವಿವರಿಸುತ್ತದೆ. ಹಿರಿಯನಿಗೆ ಪಟ್ಟಿ ಕೊಡುವ ಮುನ್ನ, ಉಳಿದ ಹಾರಾಟಗಳನ್ನು ಉಳಿದ ಪೈಲಟ್‌ಗಳಿಂದ ನಿಭಾಯಿಸಲು ಸಾಧ್ಯವೇ ಎಂದು ಗಣಕಯಂತ್ರ ಪರಿಶೀಲಿಸಬೇಕು. ಸಾಧ್ಯವಿಲ್ಲವಾದರೆ ಹಿರಿಯನ ಇಚ್ಛೆಯೂ ಮೊಟಕಾಗುತ್ತದೆ. 'ನನಗಿಂತ ಕಿರಿಯನಿಗೆ ಸಿಕ್ಕದ್ದು ನನಗೇಕೆ ಸಿಗಲಿಲ್ಲ?' ಎಂಬ ಪ್ರಶ್ನೆಗೆ ಲೈನ್ ಪದ್ಧತಿಯಲ್ಲಿ ಗೋಡೆಯ ಮೇಲೆ ಅಂಟಿಸಿದ ಪಟ್ಟಿಯೇ ಉತ್ತರವಾಗಿತ್ತು. ಹೊಸ ಪದ್ಧತಿಯಲ್ಲಿ ಆ ಉತ್ತರ ಗಣಕಯಂತ್ರದ ಒಡಲಿನಲ್ಲಿದೆ.

ರಜೆಯ ಲೆಕ್ಕಾಚಾರ

ಸಂಸ್ಥೆಗಳು ಆದ್ಯತಾ ಪದ್ಧತಿಗೆ ಒಲವು ತೋರುವುದು ಪೈಲಟ್‌ಗಳ ಸ್ವಾತಂತ್ರ್ಯದ ಮೇಲಿನ ಪ್ರೀತಿಯಿಂದಲ್ಲ. ಅದರ ಹಿಂದೆ ಸ್ಪಷ್ಟವಾದ ಉಳಿತಾಯವಿದೆ.

ಉದಾಹರಣೆಗೆ, ಒಬ್ಬ ಪೈಲಟ್‌ಗೆ ತಿಂಗಳ 10ರಿಂದ 16ರವರೆಗೆ ಏಳು ದಿನಗಳ ವಾರ್ಷಿಕ ರಜೆ ಮಂಜೂರಾಗಿದೆಯೆಂದು ಭಾವಿಸೋಣ. ಲೈನ್ ಪದ್ಧತಿಯಲ್ಲಿ ಅವನು ಆರಿಸಿಕೊಂಡ ಪಟ್ಟಿಯಲ್ಲಿ 8ರಿಂದ 11ರವರೆಗೆ ಒಂದು ಪ್ರವಾಸ, 15ರಿಂದ 18ರವರೆಗೆ ಇನ್ನೊಂದು ಪ್ರವಾಸ ಇರುತ್ತದೆ. ಎರಡೂ ರಜೆಗೆ ತಗಲುವುದರಿಂದ ಎರಡೂ ಅವನ ಪಟ್ಟಿಯಿಂದ ಬಿದ್ದುಹೋಗುತ್ತವೆ. ಏಳು ದಿನಗಳ ರಜೆ ಹನ್ನೊಂದು ದಿನಗಳಾಗುತ್ತದೆ. ಬಿದ್ದುಹೋದ ಪ್ರವಾಸಗಳಿಗೆ ವೇತನ ಎಷ್ಟು ಎಂಬುದನ್ನು ಒಪ್ಪಂದ ನಿರ್ಧರಿಸುತ್ತದೆ. ಆ ಹಾರಾಟಗಳಿಗೆ ಸಂಸ್ಥೆಯು ಬೇರೆ ಪೈಲಟ್‌ನನ್ನು ಹುಡುಕಬೇಕು.

ಆದ್ಯತಾ ಪದ್ಧತಿಯಲ್ಲಿ ಗಣಕಯಂತ್ರಕ್ಕೆ ರಜೆಯ ದಿನಾಂಕ ಮೊದಲೇ ಗೊತ್ತಿರುತ್ತದೆ. 9ರಂದು ಮುಗಿಯುವ, 17ರಂದು ಆರಂಭವಾಗುವ ಪ್ರವಾಸಗಳನ್ನೇ ಅದು ಜೋಡಿಸುತ್ತದೆ. ರಜೆ ಏಳು ದಿನಕ್ಕೇ ನಿಲ್ಲುತ್ತದೆ. ತರಬೇತಿ, ತಿಂಗಳಿನಿಂದ ತಿಂಗಳಿಗೆ ದಾಟುವ ಪ್ರವಾಸಗಳಿಗೂ ಇದೇ ನ್ಯಾಯ. ಸಾವಿರಾರು ಪೈಲಟ್‌ಗಳಿರುವ ಸಂಸ್ಥೆಯಲ್ಲಿ ಈ ನಾಲ್ಕಾರು ದಿನಗಳು ಕೂಡಿದರೆ, ಅಷ್ಟೇ ವಿಮಾನಗಳನ್ನು ಕಡಿಮೆ ಪೈಲಟ್‌ಗಳಿಂದ ಹಾರಿಸಬಹುದು. ಆಡಳಿತ ಮಂಡಳಿಯ ಭಾಷೆಯಲ್ಲಿ ಇದು ದಕ್ಷತೆ. ಸಂಘದ ಭಾಷೆಯಲ್ಲಿ ಇದು ಹುದ್ದೆಗಳ ಕಡಿತ. ಎರಡೂ ಒಂದೇ ಅಂಕಿಯ ಎರಡು ಓದುಗಳು.

ದಿವಾಳಿಯ ನೆರಳಿನಲ್ಲಿ

ಅಮೆರಿಕನ್ ಏರ್‌ಲೈನ್ಸ್‌ಗೆ ಈ ಪದ್ಧತಿ ಕಾಲಿಟ್ಟ ಬಗೆ ಗಮನಾರ್ಹ. 2011ರ ನವೆಂಬರ್‌ನಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. 2012ರ ಆಗಸ್ಟ್‌ನಲ್ಲಿ ಸಂಸ್ಥೆ ಮುಂದಿಟ್ಟ 'ಅಂತಿಮ' ಪ್ರಸ್ತಾವವನ್ನು ಪೈಲಟ್‌ಗಳು ತಿರಸ್ಕರಿಸಿದರು. ಮರುತಿಂಗಳೇ ಹಳೆಯ ಒಪ್ಪಂದವನ್ನು ಬದಿಗೊತ್ತಲು ನ್ಯಾಯಾಲಯ ಸಂಸ್ಥೆಗೆ ಅನುಮತಿ ನೀಡಿತು. ಡಿಸೆಂಬರ್‌ನಲ್ಲಿ ಪೈಲಟ್‌ಗಳು ಹೊಸ ಒಪ್ಪಂದಕ್ಕೆ ಸಮ್ಮತಿಸಿದರು. ಆದ್ಯತಾ ಬಿಡ್ಡಿಂಗ್‌ಗೆ ದಾರಿ ತೆರೆದದ್ದು ಈ ಒಪ್ಪಂದವೇ. ಚೌಕಾಸಿಯ ಬಲ ಕುಗ್ಟಿದ ಗಳಿಗೆಯಲ್ಲಿ ಒಪ್ಪಿಕೊಂಡ ಪದ್ಧತಿಯ ಮೇಲೆ ಪೈಲಟ್‌ಗಳಿಗೆ ಅನುಮಾನ ಉಳಿದಿದ್ದರೆ ಅದು ಅಸಹಜವೇನಲ್ಲ.

ಅಮೆರಿಕದ ಕಾನೂನಿನ ಸ್ವರೂಪವೂ ಇದಕ್ಕೆ ಕಾರಣ. 1926ರ ರೈಲ್ವೆ ಕಾರ್ಮಿಕ ಕಾಯ್ದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಅದರ ಪ್ರಕಾರ ಒಪ್ಪಂದದ ಅವಧಿ ಮುಗಿಯುವುದೇ ಇಲ್ಲ. ನಿಗದಿತ ದಿನದ ನಂತರ ಅದು ತಿದ್ದುಪಡಿಗೆ ತೆರೆದುಕೊಳ್ಳುತ್ತದೆ ಅಷ್ಟೆ. ಹೊಸದು ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ಮಧ್ಯಸ್ಥಿಕೆ ಮಂಡಳಿಯ ಬಿಡುಗಡೆ ಹಾಗೂ 30 ದಿನಗಳ ತಣ್ಣಗಾಗುವ ಅವಧಿ ದಾಟದೆ ಮುಷ್ಕರ ಹೂಡುವಂತಿಲ್ಲ. ಹೀಗಾಗಿ ಒಮ್ಮೆ ಬಿಟ್ಟುಕೊಟ್ಟದ್ದನ್ನು ಮರಳಿ ಪಡೆಯಬೇಕಾದರೆ ಮತ್ತೇನನ್ನೋ ತೆರಬೇಕು. ವೇತನ ಮುಂದಿನ ಒಪ್ಪಂದದಲ್ಲಿ ಏರಬಹುದು, ಕಳೆದುಕೊಂಡ ಪಾಳಿ ನಿಯಮ ಹಿಂತಿರುಗುವುದು ಅಪರೂಪ.

ಈ ಅರಿವಿನಿಂದಲೇ ಚರ್ಚೆ ಈಗ 'ಗಣಕಯಂತ್ರ ಬೇಕೇ ಬೇಡವೇ' ಎಂಬಲ್ಲಿ ನಿಂತಿಲ್ಲ. ಗಣಕಯಂತ್ರಕ್ಕೆ ನಿಯಮ ಬರೆಯುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ತಿಂಗಳಿಗೆ ಕನಿಷ್ಠ, ಗರಿಷ್ಠ ಎಷ್ಟು ಗಂಟೆಗಳ ಪಟ್ಟಿ ಕಟ್ಟಬೇಕು? ಮೀಸಲಿಗೆ ಎಷ್ಟು ಮಂದಿ? ಹಾರಾಟಗಳು ಹೆಚ್ಚಾಗಿ ಪೈಲಟ್‌ಗಳು ಸಾಲದಾದಾಗ ಯಾರ ಇಚ್ಛೆಯನ್ನು ಮೊದಲು ಕೈಬಿಡಬೇಕು? ಫಲಿತಾಂಶವನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುವ ಹಕ್ಕು ಸಂಘಕ್ಕಿದೆಯೇ? ಇವೆಲ್ಲ ತಂತ್ರಾಂಶದ ಅಂಕೆಗಳಂತೆ ಕಂಡರೂ ನಿಜದಲ್ಲಿ ಸೇವಾ ಷರತ್ತುಗಳು. ಇವುಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳದ ಸಂಘ, ಹೆಚ್ಚಿಸಿಕೊಂಡ ವೇತನವನ್ನು ಹೆಚ್ಚಿದ ಪಾಳಿಯ ರೂಪದಲ್ಲಿ ಹಿಂತಿರುಗಿಸಬೇಕಾದೀತು.

ಯಂತ್ರ ತಪ್ಪಿದಾಗ

ತಂತ್ರಾಂಶದ ಮೇಲಿನ ಅವಲಂಬನೆ ಸಂಸ್ಥೆಗೂ ದುಬಾರಿಯಾಗಬಲ್ಲದು. 2017ರ ನವೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪಾಳಿ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು, ಕ್ರಿಸ್‌ಮಸ್ ವೇಳೆಯ ಪಾಳಿಗಳನ್ನು ಬಿಡಲು ಕೋರಿದ ಪೈಲಟ್‌ಗಳಿಗೆಲ್ಲ ಅನುಮತಿ ದೊರೆಯಿತು. ಡಿಸೆಂಬರ್ ಉತ್ತರಾರ್ಧದ 15,000ಕ್ಕೂ ಹೆಚ್ಚು ಹಾರಾಟಗಳಿಗೆ ಪೈಲಟ್‌ಗಳೇ ಇಲ್ಲವೆಂದು ಸಂಘ ಪ್ರಕಟಿಸಿತು. ಒಂದೂವರೆ ಪಟ್ಟು ವೇತನದ ಆಮಿಷವನ್ನು ಸಂಸ್ಥೆ ಮುಂದಿಟ್ಟಾಗ, ತನ್ನೊಡನೆ ಚರ್ಚಿಸದೆ ಹಾಗೆ ಮಾಡುವುದು ಒಪ್ಪಂದದ ಉಲ್ಲಂಘನೆಯೆಂದು ಸಂಘ ದೂರಿತು. ಕೊನೆಗೆ ಇಬ್ಬರೂ ರಾಜಿಯಾದರು. 2022ರ ಜುಲೈನಲ್ಲಿ ಇಂಥದೇ ದೋಷ ಮರುಕಳಿಸಿ, ಸಂಸ್ಥೆ ಆ ಪಾಳಿಗಳಿಗೆ ಎರಡು ಪಟ್ಟು ವೇತನ ತೆರಬೇಕಾಯಿತು.

ಹಾಗೆಂದು ಹಳೆಯ ಪದ್ಧತಿಯೇ ರಾಮಬಾಣವಲ್ಲ. ದೀರ್ಘಕಾಲ ಲೈನ್ ಬಿಡ್ಡಿಂಗ್ ಉಳಿಸಿಕೊಂಡ ಸೌತ್‌ವೆಸ್ಟ್ ಸಂಸ್ಥೆಯೇ 2022ರ ಡಿಸೆಂಬರ್‌ನ ಹಿಮಗಾಳಿಯ ಬಳಿಕ 16 ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಪಡಿಸಿತು. ಯಾವ ಪೈಲಟ್ ಎಲ್ಲಿದ್ದಾನೆಂಬುದೇ ಅದರ ಹಳೆಯ ತಂತ್ರಾಂಶಕ್ಕೆ ತಿಳಿಯದಾಗಿತ್ತು. ಪದ್ಧತಿ ಯಾವುದೇ ಇರಲಿ, ಎಡವಟ್ಟಾದಾಗ ತಾಳಿಕೊಳ್ಳುವ ಶಕ್ತಿ ಬರುವುದು ಪಟ್ಟಿಯಲ್ಲಿ ಉಳಿಸಿದ ಬಿಡುವಿನಿಂದ ಮತ್ತು ಅದನ್ನು ಬಳಸಬಲ್ಲ ವ್ಯವಸ್ಥೆಯಿಂದ.

ಭಾರತಕ್ಕೆ ಪಾಠ

ಇಂತಹ ಬಿಡುವು ಬತ್ತಿದರೆ ಏನಾಗುತ್ತದೆಂಬುದನ್ನು ಭಾರತದ ಪ್ರಯಾಣಿಕರು 2025ರ ಡಿಸೆಂಬರ್‌ನಲ್ಲಿ ಕಣ್ಣಾರೆ ಕಂಡರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿ ವೇಳೆಯ ಇಳಿಯುವಿಕೆಯನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟ್ ಮೊರೆ ಹೋದ ನಂತರ, 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಅವು ಜಾರಿಗೊಂಡವು. ಡಿಸೆಂಬರ್ 3ರಿಂದ 5ರ ನಡುವೆ ಇಂಡಿಗೊ ಸಂಸ್ಥೆಯ 2,507 ಹಾರಾಟಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಸಾಲುಗಟ್ಟಿದ ಜನ, ಹುಬ್ಬಳ್ಳಿಯಲ್ಲಿ ತಮ್ಮದೇ ಆರತಕ್ಷತೆಗೆ ವಿಡಿಯೊ ಮೂಲಕ ಹಾಜರಾದ ವಧೂವರರು ರಾಜ್ಯದಾದ್ಯಂತ ಸುದ್ದಿಯಾದರು.

ನಿರ್ದೇಶನಾಲಯದ ತನಿಖೆ ಬೊಟ್ಟು ಮಾಡಿದ ಕಾರಣಗಳಲ್ಲಿ ಪ್ರಮುಖವಾದದ್ದು ವಿಮಾನ ಹಾಗೂ ಸಿಬ್ಬಂದಿಯ ಅತಿಯಾದ ಬಳಕೆ ಮತ್ತು ಪಾಳಿ ಪಟ್ಟಿಯಲ್ಲಿ ಬಿಡುವಿನ ಕೊರತೆ. ವಿಪರ್ಯಾಸವೆಂದರೆ, ಬಿಕ್ಕಟ್ಟಿನ ನಡುವೆಯೇ ನಿರ್ದೇಶನಾಲಯ ಸಡಿಲಿಸಿದ ನಿಯಮಗಳಲ್ಲಿ 'ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯುವಂತಿಲ್ಲ' ಎಂಬುದೂ ಒಂದು. ಅಮೆರಿಕದ ಪೈಲಟ್‌ಗಳು ಒಪ್ಪಂದದ ಮೇಜಿನಲ್ಲಿ ಕಾದಾಡುವ ವಿಷಯವೂ ಇದೇ: ರಜೆಯ ದಿನ ಬೇರೆ, ವಿಶ್ರಾಂತಿಯ ದಿನ ಬೇರೆ.

ಉಭಯ ದೇಶಗಳ ನಡುವಿನ ವ್ಯತ್ಯಾಸ ಇಲ್ಲಿದೆ. ಅಲ್ಲಿ ಸರ್ಕಾರದ ನಿಯಮವು ಸುರಕ್ಷತೆಯ ಕನಿಷ್ಠ ಮಿತಿಯನ್ನಷ್ಟೇ ಗೊತ್ತುಪಡಿಸುತ್ತದೆ, ಅದರ ಮೇಲಿನದನ್ನು ಸಂಘವು ಒಪ್ಪಂದದಲ್ಲಿ ಬರೆಸಿಕೊಳ್ಳುತ್ತದೆ. ಇಲ್ಲಿ ಪೈಲಟ್‌ಗಳು ಆ ಕನಿಷ್ಠ ಮಿತಿಗಾಗಿಯೇ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ನಿಯಮವೊಂದನ್ನು ರಾತ್ರೋರಾತ್ರಿ ಸಡಿಲಿಸಬಹುದು. ಉಭಯರೂ ಸಹಿ ಹಾಕಿದ ಒಪ್ಪಂದವನ್ನು ಹಾಗೆ ಸಡಿಲಿಸುವುದು ಸುಲಭವಲ್ಲ.

ಡೆಲ್ಟಾದ 2023ರ ಒಪ್ಪಂದ ತಿದ್ದುಪಡಿಗೆ ತೆರೆದುಕೊಳ್ಳಲು ನಿಗದಿಯಾದ ದಿನ 2026ರ ಡಿಸೆಂಬರ್ 31. ಆ ಸುತ್ತಿನಲ್ಲೂ ವೇತನದ ಶೇಕಡಾವಾರು ಲೆಕ್ಕವೇ ಮೊದಲು ಸುದ್ದಿಯಾಗುವುದು ನಿಶ್ಚಿತ. ಆದರೆ ಪೈಲಟ್‌ಗಳ ಮನೆಗಳಲ್ಲಿ ಮೊದಲು ಓದುವ ಪುಟ ಪಾಳಿ ಹಂಚಿಕೆಯದೇ ಆಗಿರುತ್ತದೆ. ಟಿಕೆಟ್ ಕಾಯ್ದಿರಿಸುವ ಪ್ರಯಾಣಿಕನಿಗೂ ಆ ಪುಟ ಸಂಬಂಧಿಸಿದ್ದೇ. ಅವನ ವಿಮಾನ ಹೊತ್ತಿಗೆ ಹೊರಡುವುದು, ಅದನ್ನು ನಡೆಸುವವನು ನಿದ್ದೆ ಮುಗಿಸಿ ಬಂದಿರುವುದು ಎರಡೂ ಅದರಲ್ಲೇ ನಿರ್ಧಾರವಾಗಿರುತ್ತವೆ.