ಕಿಟಕಿಯ ಮೇಲಣ ಕಲ್ಲು



ಡೆನ್ಮಾರ್ಕು ದೇಶದ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ನನ್ನ ಮಗಳ ಸಂಸಾರವಿರುವುದು. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆನು. ತಲಪಿದ ದಿವಸವೇ ಅವರ ಅಡಿಗೆಮನೆಯ ಕಿಟಕಿಯ ಹಲಗೆಯ ಮೇಲೆ, ತುಳಸಿಯ ಕುಂಡದ ಪಕ್ಕದಲ್ಲಿ, ಬೂದುಬಣ್ಣದ ಒಂದು ಕಲ್ಲು ಕಣ್ಣಿಗೆ ಬಿದ್ದಿತು. ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ಒಂದು ಮುಖ ಕಾಲ್ತುಳಿತದಿಂದ ನುಣುಪಾದದ್ದು, ಉಳಿದವು ಒರಟು. ವಿಚಾರಿಸಲು ಅಳಿಯನು, “ಅದು ಒಂದು ಬೀದಿಯ ತುಂಡು, ಮಾವ. ಆ ಬೀದಿಯನ್ನು ಅಲ್ಲಿಯ ಜನರೇ ಕಿತ್ತು, ಬಂದವರು ಕಲ್ಲುಗಳನ್ನು ಒಯ್ಯಬಹುದೆಂದರು” ಎಂದನು. ಬೀದಿಯನ್ನು ಕಿತ್ತು ಪ್ರಸಾದದಂತೆ ಹಂಚುವ ಊರು ಯಾವುದಿದ್ದೀತು? ಮರುದಿನವೇ ನೋಡಹೊರಟೆನು.

ಆ ಊರಿನ ಹೆಸರು ಕ್ರಿಸ್ಟಿಯಾನಿಯ. ನಗರದೊಳಗೇ ಇರುವ ಇನ್ನೊಂದು ಊರು. ದಾರಿಯಲ್ಲಿ ಹೊರಗಡೆಯಿಂದ ಸುರುಳಿ ಸೋಪಾನವನ್ನು ಸುತ್ತಿಕೊಂಡ ಶಿಖರವುಳ್ಳ ದೊಡ್ಡ ಇಗರ್ಜಿಯೊಂದಿದೆ. ಮೆಟ್ಟಿಲುಗಳು 400, ಅವುಗಳಲ್ಲಿ ಕೊನೆಯ 150 ಬಯಲಿನಲ್ಲಿಯೇ ಇರುವುವು. ಮೊಮ್ಮಗನು ಹತ್ತಿ ಇಳಿದು ಬಂದನು. ನನ್ನ ಮೊಣಕಾಲುಗಳು ಆ ಪುಣ್ಯವನ್ನು ನಿರಾಕರಿಸಿದುವು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸಿಪಾಯಿಗಳ ಹಳೆಯ ಠಾಣ್ಯವೊಂದರ ಬಾಗಿಲು. ಸೈನ್ಯವು ಬಿಟ್ಟುಹೋದ ಬಳಿಕ ಕಟ್ಟಡಗಳು ಹಾಳುಬಿದ್ದಿದ್ದುವು. 1971ನೆಯ ಸೆಪ್ಟೆಂಬರಿನಲ್ಲಿ ನೆರೆಹೊರೆಯವರು, ತಮ್ಮ ಮಕ್ಕಳಿಗೆ ಆಡಲು ಬಯಲಿಲ್ಲವೆಂದು, ಬೇಲಿಯನ್ನು ಮುರಿದು ಒಳಹೊಕ್ಕರು. ಅವರ ಹಿಂದೆಯೇ ಮನೆಯಿಲ್ಲದ ತರುಣರು ಬಂದರು. ಆ ತಿಂಗಳ 26ರಂದು ಇದು ಸ್ವತಂತ್ರ ಪಟ್ಟಣವೆಂದು ಘೋಷಣೆಯಾಯಿತು. ಕೆಂಪು ಬಟ್ಟೆಯ ಮೇಲೆ ಮೂರು ಹಳದಿ ಚುಕ್ಕೆಗಳ ಧ್ವಜವೂ ಹುಟ್ಟಿತು.

ಆಂಗ್ಲರು ಕೌಂಟರ್‌ಕಲ್ಚರ್ ಎನ್ನುವುದನ್ನು ನಮ್ಮವರು ಪ್ರತಿಸಂಸ್ಕೃತಿಯೆನ್ನುವರು. ‘ಪ್ರತಿ’ ಎಂಬ ಉಪಸರ್ಗವು ಬಹಳ ಚಮತ್ಕಾರವುಳ್ಳದ್ದು. ಪ್ರತಿವಾದಿಯಲ್ಲಿ ಅದು ವಿರೋಧವನ್ನು ಹೇಳುವುದು, ಪ್ರತಿಬಿಂಬದಲ್ಲಿ ಸಾದೃಶ್ಯವನ್ನು, ಪ್ರತಿದಿನದಲ್ಲಿ ಪುನರಾವೃತ್ತಿಯನ್ನು. ಮೂವತ್ತೆರಡು ವರ್ಷ ಈ ಉಪಸರ್ಗವನ್ನು ಮಕ್ಕಳಿಗೆ ಬೋಧಿಸಿದ ನಾನು, ಮೂರರ್ಥಗಳನ್ನೂ ಒಂದೇ ಊರಿನಲ್ಲಿ ಕಂಡದ್ದು ಕ್ರಿಸ್ಟಿಯಾನಿಯದಲ್ಲಿಯೇ.

ವಿರೋಧವು ಮೊದಲು ಕಾಣುವುದು. ಅಲ್ಲಿ ಮೋಟಾರುಗಳಿಗೆ ಪ್ರವೇಶವಿಲ್ಲ. ಯಾರಿಗೂ ಸ್ವಂತ ಮನೆಯಿಲ್ಲ. ಇದ್ದವರು ಬಿಟ್ಟರೆ, ಮುಂದೆ ಯಾರಿರಬೇಕೆಂಬುದನ್ನು ಆ ಕೇರಿಯ ಸಭೆಯು ನಿರ್ಣಯಿಸುವುದು. ಅಂತಹ ಕೇರಿಗಳು 14. ಸಭೆಯಲ್ಲಿ ಕೈಯೆತ್ತಿ ಎಣಿಸುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪುವವರೆಗೆ ಮಾತನಾಡಬೇಕು. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಬೆಳೆದವರಿಗೆ ಇದೆಷ್ಟು ಹೊತ್ತಿನ ಕೆಲಸವೆಂದು ನಾನು ಹೇಳಬೇಕಾಗಿಲ್ಲ. ಹೊರಬರುವಾಗ ಬಾಗಿಲಿನ ಒಳಮುಖದ ಬರೆಹವು, ನೀವೀಗ ಯುರೋಪಿಯನ್ ಒಕ್ಕೂಟವನ್ನು ಪ್ರವೇಶಿಸುತ್ತಿರುವಿರೆಂದು ತಿಳಿಸುವುದು.

ಆದರೆ ಪ್ರತಿಬಿಂಬವೂ ಇದೆ. ಭೂಮಿಗೆ ಒಡೆಯನಿಲ್ಲವೆಂದು ಹೊರಟವರು ನಲ್ವತ್ತು ವರ್ಷ ಸರ್ಕಾರದೊಡನೆ ಜಗಳವಾಡಿ, ನ್ಯಾಯಸ್ಥಾನದಲ್ಲಿ ಸೋತು, 2012ರಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿ, ಸಾಲವೆತ್ತಿ, ಸುಮಾರು 7 ಕೋಟಿ 60 ಲಕ್ಷ ಕ್ರೋನರುಗಳಿಗೆ ಅದನ್ನು ಕೊಂಡುಕೊಂಡರು. ಸಾರ್ವಜನಿಕರಿಗೆ ಪಾಲುಪತ್ರಗಳನ್ನೂ ಮಾರಿದರು. ಆ ಪತ್ರದಿಂದ ಅಂಗೈಯಗಲದ ನೆಲವೂ ದೊರೆಯದು, ಗೋಡೆಗೆ ತೂಗುಹಾಕಿಕೊಳ್ಳಬಹುದು. ಇದನ್ನು ಕೇಳಿ ನಗುವವರುಂಟು. ನನಗೇನೋ ನಗು ಬರಲಿಲ್ಲ. ಮನೆಯನ್ನು ಉಳಿಸಿಕೊಳ್ಳಲು ಸಾಲ ಮಾಡಿದವರನ್ನು ನೋಡಿ ನಗುವ ವಯಸ್ಸು ನನಗೆ ದಾಟಿದೆ.

ಗೃಹಿಣಿಯರಿಗೆ ಹಿತವಾಗುವ ಸಂಗತಿಯೊಂದುಂಟು. 1984ರಲ್ಲಿ ಆ ಊರಿನ ಕಮ್ಮಾರನೊಬ್ಬನು ತನ್ನ ಹೆಂಡತಿಗಾಗಿ ಮೂರು ಚಕ್ರದ ಬೈಸಿಕಲ್ಲೊಂದನ್ನು ಮಾಡಿದನು. ಮುಂದುಗಡೆ ದೊಡ್ಡದೊಂದು ಪೆಟ್ಟಿಗೆ. ಇಂದು ನಗರದಲ್ಲೆಲ್ಲ ತಾಯಂದಿರು ಎರಡು ಮೂರು ಮಕ್ಕಳನ್ನೂ ತರಕಾರಿಯನ್ನೂ ಅಂತಹ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು, ಮಳೆಯಿದ್ದರೆ ಮೇಲೊಂದು ಕಮಾನು ಕಟ್ಟಿ, ತುಳಿಯುತ್ತ ಹೋಗುವರು. ನನ್ನ ಮಗಳ ಮನೆಯಲ್ಲಿಯೂ ಒಂದಿದೆ. ಅಕ್ಕಿಯ ಮೂಟೆಯೊಡನೆ ಒಂದು ದಿನ ನನ್ನನ್ನೂ ಅದರಲ್ಲಿಯೇ ಕೂರಿಸಿ ತಂದಳು.

ಇನ್ನು ಕಲ್ಲಿನ ಕಥೆ. ಆ ಊರಿನ ನಡುವೆ ಪುಷರ್ ಸ್ಟ್ರೀಟ್ ಎಂಬ ಬೀದಿಯಿದ್ದಿತು. ಮಾದಕ ವಸ್ತುಗಳನ್ನು ಮಾರುವವರ ಬೀದಿಯೆಂದೇ ಅದರ ಅರ್ಥ. ದೇಶದ ಕಾನೂನು ಕೂಡದೆನ್ನುವ ಚರಸು ಅಲ್ಲಿ ಹಗಲಿನಲ್ಲಿಯೇ ಅಂಗಡಿಯಿಟ್ಟಿತ್ತು. ಊರಿನವರು ಎಲ್ಲವನ್ನೂ ಸಹಿಸಿದರೆಂದು ತಿಳಿಯಬಾರದು. 1979ರಲ್ಲಿ ಅವರು ಹೆರಾಯಿನ್ ಮಾರುವವರನ್ನು ತಾವೇ ಹೊರಗಟ್ಟಿ, ವ್ಯಸನಿಗಳಿಗೆ ಚಿಕಿತ್ಸೆಯ ದಾರಿಯನ್ನು ತೋರಿದ್ದರು. ಚರಸನ್ನು ಮಾತ್ರ ನಿರಪಾಯವೆಂದು ಉಳಿಸಿಕೊಂಡರು. ಕಾಲಕ್ರಮದಲ್ಲಿ ಆ ವ್ಯಾಪಾರವು ಹೊರಗಿನ ಪುಂಡರ ತಂಡಗಳ ವಶವಾಯಿತು. 2016ರಲ್ಲಿ ಪೊಲೀಸರ ಮೇಲೆ ಗುಂಡು ಹಾರಿದಾಗ ಊರಿನವರು ಅಂಗಡಿಗಳನ್ನು ಕಿತ್ತೊಗೆದರು. ಅವು ಮತ್ತೆ ಎದ್ದುವು. 2023ರ ಆಗಸ್ಟಿನಲ್ಲಿ ಅಲ್ಲಿ ಒಬ್ಬನ ಕೊಲೆಯಾಯಿತು. ಕೊನೆಗೆ 2024ನೆಯ ಏಪ್ರಿಲ್ 6ರಂದು ನಿವಾಸಿಗಳು ಹಾರೆ ಹಿಡಿದು ಬೀದಿಯನ್ನೇ ಎಬ್ಬಿಸಿದರು. ಆ ದಿವಸ ಅಳಿಯನೂ ಹೋಗಿದ್ದನು.

ಆ ಅಂಗಡಿಗಳಿಗೆ ಗಿರಾಕಿಗಳು ಯಾರು? ಊರಿನಲ್ಲಿರುವವರೇ ಸಾವಿರಕ್ಕೆ ಹೆಚ್ಚಿಲ್ಲ. ದೂರದೂರದಿಂದ ಬಂದ ಪ್ರವಾಸಿಗಳೂ ಗುಂಪುಗುಂಪಾಗಿ ಅಲ್ಲಿಗೆ ಹೋಗುತ್ತಿದ್ದರು. ಕೊಳ್ಳದವರೂ ನೋಡಲು ನಿಂತರು. ನೋಡುವವರ ಗುಂಪಿನಲ್ಲಿ ಮಾರುವವನು ಅಡಗಿದನು. ಪುಂಡರ ದೋಷವು ಪುಂಡರದೇ ಸರಿ. ಆದರೆ ಆ ಕಲ್ಲಿನ ನುಣುಪಿನಲ್ಲಿ ನೋಡಬಂದವರ ಪಾದಗಳ ಪಾಲೂ ಇದೆ.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ನೀರಿನಂಚಿನ ಒಂದು ಮನೆ ಎಷ್ಟು ವಿಚಿತ್ರವಾಗಿದ್ದಿತೆಂದರೆ, ಹಳೆಯ ಕಿಟಕಿಗಳನ್ನೇ ಜೋಡಿಸಿ ಗೋಡೆ ಕಟ್ಟಿದಂತಿದ್ದಿತು. ಜೇಬಿನಿಂದ ಫೋನು ತೆಗೆದು ಚಿತ್ರ ಹಿಡಿದೆನು. ಬಾಗಿಲಿನಲ್ಲಿ ಬಟ್ಟೆ ಹರವುತ್ತಿದ್ದ ವೃದ್ಧೆಯು ನನ್ನನ್ನು ನೋಡಿದಳು. ಬೈಯಲಿಲ್ಲ. ಬುಟ್ಟಿಯನ್ನು ಅಲ್ಲಿಯೇ ಇಟ್ಟು, ಒಳಗೆ ಹೋಗಿ ಬಾಗಿಲನ್ನು ಹಾಕಿಕೊಂಡಳು. ಒಡನೆ ನಮ್ಮಜ್ಜಿಯ ನೆನಪಾಯಿತು. ನಾನು ಹುಡುಗನಾಗಿದ್ದಾಗ, ನಮ್ಮ ಅಗ್ರಹಾರದಲ್ಲಿ ಆಕೆ ರಂಗವಲ್ಲಿಯಿಡುತ್ತಿರಲು, ಉದ್ದಕೂದಲಿನ ಪರದೇಶೀಯನೊಬ್ಬನು ಕ್ಯಾಮರಾ ಹಿಡಿದು ಎದುರಿಗೆ ಕುಳಿತನು. ಅಜ್ಜಿಯು ಅರ್ಧ ರಂಗವಲ್ಲಿಯನ್ನು ಬಿಟ್ಟು ಒಳಕ್ಕೆ ಬಂದು, “ನಾವೇನು ಜಾತ್ರೆಯ ಬೊಂಬೆಗಳೇನೋ?” ಎಂದು ನನ್ನನ್ನು ಕೇಳಿದ್ದಳು. ಐವತ್ತು ವರ್ಷಗಳ ತರುವಾಯ ಆ ಪ್ರಶ್ನೆಗೆ ನಾನು ಮತ್ತೊಮ್ಮೆ ನಿರುತ್ತರನಾದೆನು. ಫೋನಿನಲ್ಲಿದ್ದ ಚಿತ್ರವನ್ನು ಅಳಿಸಿದೆನು. ಅದು ಆಕೆಗೆ ಹೇಗೆ ತಿಳಿದೀತು?

ಇತರ ನಗರಗಳ ಗತಿಯೂ ಬೇರೆಯಾಗಿಲ್ಲ. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೊವೊ ಎಂಬ ತರುಣರ ತಂಡವು ಬೈಸಿಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ಏರಿ ಹೋಗಲೆಂದು ಬೀಗವಿಲ್ಲದೆ ಬೀದಿಯಲ್ಲಿಟ್ಟಿತು. ಬೀಗವಿಲ್ಲದೆ ಇಡುವುದು ಅಪರಾಧವೆಂದು ಪೊಲೀಸರು ಅವನ್ನು ಹೊತ್ತೊಯ್ದರು. ಇಂದು ಅನೇಕ ನಗರಗಳಲ್ಲಿ ಬೀದಿಯ ಬೈಸಿಕಲ್ಲು ಗಂಟೆಗಿಷ್ಟೆಂದು ಬಾಡಿಗೆಗೆ ದೊರೆಯುವುದು. ಬರ್ಲಿನ್ ನಗರದಲ್ಲಿ, ಗೋಡೆ ಬಿದ್ದ ಮರುವರ್ಷ, ಅಂದರೆ 1990ರಲ್ಲಿ, ಟಾಖೆಲೆಸ್ ಎಂಬ ಪಾಳುಮಳಿಗೆಯನ್ನು ಕಲಾವಿದರು ಹೊಕ್ಕರು. ನೋಡಲು ಪ್ರಪಂಚವೇ ಬಂದಿತು. ನೆಲಕ್ಕೆ ಬೆಲೆ ಏರಿತು. 2012ರಲ್ಲಿ ಕಲಾವಿದರು ಹೊರಟರು. ಈಗ ಅಲ್ಲಿ ಛಾಯಾಚಿತ್ರಗಳ ಪ್ರದರ್ಶನಾಲಯವೂ ಸುತ್ತಲೂ ಸಿರಿವಂತರ ಸೌಧಗಳೂ ಇರುವುವು.

ಹಾಗಾದರೆ ಹೋಗಲೇಬಾರದೆ ಎಂದು ಕೇಳುವಿರಿ. ಮಕ್ಕಳ ಮನೆಗೆಂದು ಯುರೋಪಿಗೆ ಹೋಗುವ ವಾಚಕರು ಈಗ ಅನೇಕರಿರುವರು. ಅವಶ್ಯ ಹೋಗಿರಿ. ಆ ಊರಿನವರೇ ಜೊತೆಗೆ ಬಂದು ತಮ್ಮ ಕೇರಿಗಳನ್ನು ತೋರಿಸುವ ಏರ್ಪಾಡುಂಟು. ಅದಕ್ಕೆ ಕೊಟ್ಟ ಹಣವು ವ್ಯರ್ಥವಲ್ಲ. ಬಾಗಿಲಿನ ಬಳಿಯೇ ತಿರುಗಿಬರದೆ, ಹಳೆಯ ಕೋಟೆಯ ದಿಬ್ಬದ ಮೇಲೆ ನೀರಿನ ಮಗ್ಗುಲಿಗೆ ನಡೆಯಿರಿ; ಸಾರಿನ ಪರಿಮಳವೂ ಮಕ್ಕಳ ಕೂಗೂ ಅಲ್ಲಿಯೇ ಇರುವುದು. ಶಾಕಾಹಾರದ ಊಟದ ಮನೆಯೂ ಒಂದಿದೆ. ಚಿತ್ರ ಹಿಡಿಯಬೇಕಾದರೆ ಕೇಳಿ ಹಿಡಿಯಿರಿ, ಬೇಡವೆಂದರೆ ನಮಸ್ಕಾರ ಮಾಡಿ ಮುಂದೆ ಸಾಗಿರಿ.

ಹೊರಡುವ ಹಿಂದಿನ ದಿನ ನನ್ನ ಹೆಂಡತಿಯು ಆ ಕಲ್ಲನ್ನು ಕೈಯಲ್ಲಿ ತೂಗಿನೋಡಿ, ಊರಿಗೆ ಒಯ್ಯೋಣವೆ ಎಂದಳು. ವಿಮಾನದಲ್ಲಿ ಭಾರವಾದೀತೆಂದು ನಾನು ನೆಪ ಹೇಳಿದೆನು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿಯೆದ್ದು ಕಿಟಕಿಯ ಬಾಗಿಲು ಬಡಿಯತೊಡಗಿತು. ಮಗಳು ಬಂದು, ತಾಯಿಯ ಕೈಯಿಂದ ಕಲ್ಲನ್ನು ತೆಗೆದುಕೊಂಡು, ಬಾಗಿಲಿಗೆ ಆನಿಸಿಟ್ಟು, ಒಲೆಯ ಕಡೆಗೆ ಹೋದಳು.